ಭೂಕಂಪದ ಪ್ರೊಫೆಸರರಿಗೆ ಬಣ್ಣ ಹಚ್ಚಿದವಳು

ಆ ಸುದ್ದಿ ಚಾನೆಲ್ಲಿನ ಮೇಕಪ್ ರೂಮು ಮೂರನೆಯ ಮಹಡಿಯಲ್ಲಿ, ಲಿಫ್ಟಿಗೂ ಶೌಚಾಲಯಕ್ಕೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಕಿಟಕಿಯೆಂಬುದಿಲ್ಲ. ಕನ್ನಡಿಯ ಸುತ್ತ ಬಲ್ಬುಗಳು, ಅವುಗಳಲ್ಲಿ ಅರ್ಧಕ್ಕರ್ಧ ಸತ್ತಂಥವು. ಏರಿಸಿ ಇಳಿಸುವ ಒಂದು ಕುರ್ಚಿ. ಅದರ ಕೈಗಳ ರೆಕ್ಸಿನ್ ಹರಿದು ಒಳಗಿನ ಹಳದಿ ಸ್ಪಂಜು ಹಲ್ಲು ಕಿರಿಯುತ್ತಿತ್ತು. ಪೌಡರು, ತಲೆಗೆ ಹೊಡೆಯುವ ಸ್ಪ್ರೇ, ಪಕ್ಕದ ಶೌಚಾಲಯದ ಫಿನಾಯಿಲು ಎಲ್ಲ ಕಲಸಿಕೊಂಡ ವಾಸನೆ. ಹೊಸಬರು ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ಅಲ್ಲಿ ವರ್ಷಗಟ್ಟಲೆ ನಿಂತು ಕಂಡವರ ಮುಖಕ್ಕೆಲ್ಲ ಬಣ್ಣ ಹಚ್ಚಿದ ಹೆಂಗಸಿಗೆ ಮಾತ್ರ ಆ ವಾಸನೆ ಇದೆಯೆಂಬುದೇ ಮರೆತುಹೋಗಿತ್ತು. ಚಾನೆಲ್ಲಿನಲ್ಲಿ ಎಲ್ಲರೂ ಆಕೆಯನ್ನು ಬಣ್ಣದಕ್ಕ ಅನ್ನುತ್ತಿದ್ದರು.

ಬಣ್ಣದಕ್ಕನಿಗೆ ಹೇಸಿಗೆ ಎಂಬುದು ಹುಟ್ಟಿನಿಂದಲೇ ಕಡಿಮೆ. ಮೊದಲು ಒಂದು ಬ್ಯೂಟಿ ಪಾರ್ಲರಿನಲ್ಲಿ ಬೇರೆಯವರ ಕಾಲಿನ ಸತ್ತ ಚರ್ಮ ಉಜ್ಜಿ ತೆಗೆಯುತ್ತಿದ್ದಳು. ಆಮೇಲೆ ಚಾನೆಲ್ಲಿಗೆ ಬಂದಳು. ಕೀವು ತುಂಬಿದ ಮೊಡವೆ, ಹೊಟ್ಟು ಉದುರುವ ಹುಬ್ಬು, ಬೆವರಿಗೆ ಕಟ್ಟಿದ ಕಾಲರು, ಮಧ್ಯಾಹ್ನದ ಊಟವನ್ನು ಇನ್ನೂ ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡು ಬಾಯಿ ತೆರೆಯುವ ಮಂತ್ರಿಗಳು, ಇದ್ಯಾವುದಕ್ಕೂ ಆಕೆ ಮುಖ ಕಿವುಚಿದ್ದನ್ನು ಯಾರೂ ಕಂಡಿಲ್ಲ. "ಚರ್ಮ ಅಂದ್ರೆ ಅಷ್ಟೇ ಕಣ್ರೀ, ಎಲ್ಲರದ್ದೂ ಒಂದೇ ಕಥೆ" ಎಂದು ಸ್ಪಂಜು ಒದ್ದೆ ಮಾಡಿಕೊಳ್ಳುತ್ತಿದ್ದಳು. ಅಂಥವಳಿಗೆ ಕೊನೆಗೆ ಒಂದು ಮುಖ ಮುಟ್ಟಲು ಹೇಸಿಗೆಯಾಯಿತು.

ಮನೆಯಲ್ಲಿದ್ದವರು ಮೂರೇ ಜನ: ಆಕೆ, ಸಿಟಿ ಬಸ್ಸು ಓಡಿಸುವ ಗಂಡ, ಮತ್ತು ಅತ್ತೆ. ಎರಡನೆಯ ಮಹಡಿಯ ಎರಡು ಕೋಣೆಯ ಮನೆ. ಮಕ್ಕಳಿರಲಿಲ್ಲ, ಅತ್ತೆಯೇ ಒಂದು ಮಗುವಿನ ಹಾಗೆ ಇದ್ದಳು. ಆ ಮುದುಕಿ ಮಲಗುವ ಕೋಣೆಗೆ ಚಿಲಕ ಹಾಕಲು ಎಂದೂ ಬಿಟ್ಟವಳಲ್ಲ. ಆಕೆ ಲಂಗದ ವಯಸ್ಸಿನಲ್ಲಿದ್ದಾಗ ತವರೂರಿನಲ್ಲಿ ಭೂಮಿ ನಡುಗಿತ್ತು. ಬೆಳಗಿನ ಹೊತ್ತು ಈಕೆ ನೀರಿಗೆಂದು ಹೊರಗೆ ಹೋಗಿದ್ದಳು, ಪಕ್ಕದಲ್ಲಿ ಮಲಗಿದ್ದ ತಂಗಿ ಒಳಗೇ ಇದ್ದಳು. ಕೊಡ ಇಳಿಸಿ ತಿರುಗಿ ನೋಡುವಷ್ಟರಲ್ಲಿ ಮನೆ ಇದ್ದ ಕಡೆ ಬರೀ ಧೂಳು. ಇಷ್ಟನ್ನು ಅತ್ತೆ ತನ್ನ ಜನ್ಮದಲ್ಲಿ ಸೊಸೆಗೆ ಒಂದೇ ಸಲ ಹೇಳಿದ್ದು. ಹೇಳಿದ ಮೇಲೆ ಎರಡು ದಿನ ಅನ್ನ ಮುಟ್ಟಿರಲಿಲ್ಲ.

ದೂರದ ಗುಡ್ಡಗಾಡಿನ ಕಡೆ ಒಂದು ಸಣ್ಣ ಭೂಕಂಪವಾಗಿ ಕೆಲವು ಗೋಡೆಗಳು ಉರುಳಿದ ವಾರ ಚಾನೆಲ್ಲಿಗೆ ಆ ಪ್ರೊಫೆಸರ್ ಬಂದರು. ಯಾವುದೋ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಕಿವಿಯಿಂದ ಕೂದಲು ಹೊರಗಿಣುಕುತ್ತಿತ್ತು, ಕೆನ್ನೆಯ ಮೇಲೆ ಕಾಸಿನಗಲದ ಕಂದು ಮಚ್ಚೆ. ಆದರೆ ದನಿ ಮಾತ್ರ ಬೆಣ್ಣೆ. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡೇ ಆಕೆಗೂ ಪಾಠ ಹೇಳಿದರು.

"ನೋಡಮ್ಮ, ಮೋಡಕ್ಕಿಂತ, ವಿಮಾನಕ್ಕಿಂತ ಎಷ್ಟೋ ಮೇಲೆ ಒಂದು ಪದರ ಇದೆ. ಅಯಾನುಗೋಳ ಅಂತಾರೆ. ಬಿಸಿಲಿನ ಹೊಡೆತಕ್ಕೆ ಅಲ್ಲಿನ ಗಾಳಿ ಕಣಗಳು ಒಡೆದು ವಿದ್ಯುತ್ತು ತುಂಬಿಕೊಂಡಿರುತ್ತೆ. ಉಪಗ್ರಹದ ಸಿಗ್ನಲ್ಲು ಅದನ್ನ ದಾಟಿಕೊಂಡೇ ಕೆಳಗೆ ಬರಬೇಕು. ದಾಟೋವಾಗ ಎಷ್ಟು ತಡವಾಯ್ತು ಅನ್ನೋದನ್ನ ನೋಡಿ ಆ ಪದರ ಹೇಗಿದೆ ಅಂತ ಹೇಳಬಹುದು."

"ಅದಕ್ಕೂ ಭೂಕಂಪಕ್ಕೂ ಏನು ಸರ್?"

"ಅಲ್ಲೇ ಇರೋದು ಮಜಾ! ಭೂಮಿ ಒಳಗೆ ಬಂಡೆ ಬಿಗಿದುಕೊಳ್ತಾ ಬಂದಾಗ ಅದರ ಸುಳಿವು ಮೇಲಿನ ಪದರಕ್ಕೂ ಮುಟ್ಟುತ್ತೆ. ಹೊಟ್ಟೆ ಕೆಟ್ಟರೆ ನಾಲಿಗೆ ಮೇಲೆ ಗೊತ್ತಾಗಲ್ವಾ? ಹಾಗೆ. ಡಾಕ್ಟರು ನಾಲಿಗೆ ನೋಡ್ತಾರೆ, ನಾನು ಆಕಾಶ ನೋಡ್ತೀನಿ."

ಬಣ್ಣದಕ್ಕನಿಗೆ ಮೈ ಜುಮ್ಮೆಂದಿತು. ಆ ಸಂಜೆ ಕೈಚೀಲವನ್ನು ಕೆಳಗಿಡುವ ಮೊದಲೇ ಅತ್ತೆಗೆ ವಿಷಯ ಹೇಳಿದಳು. ಮುದುಕಿ ಕೇಳಿದಳು:

"ಹಾಗಾದ್ರೆ ಆವತ್ತೂ ಮೇಲೆ ಗೊತ್ತಾಗಿತ್ತೇನೇ? ನೋಡೋರು ಯಾರೂ ಇರ್ಲಿಲ್ಲ, ಅಷ್ಟೇನಾ?"

ಮಾರನೆಯ ದಿನದಿಂದ ಅತ್ತೆ ಟಿವಿಯ ಮುಂದೆ ಕುರ್ಚಿ ಹಾಕಿಕೊಂಡಳು.

ಚಾನೆಲ್ಲಿನ ಮುಖ್ಯ ನಿರೂಪಕನಿಗೆ ಬೆನ್ನ ಹಿಂದೆ "ಗಂಟಲು" ಎಂದು ಹೆಸರು. ಮಳೆ ಬಂದ ಸುದ್ದಿಯನ್ನೂ ಮನೆಗೆ ಬೆಂಕಿ ಬಿದ್ದ ಹಾಗೆ ಹೇಳುವವನು. ಅವನಿಗೆ ಪ್ರೊಫೆಸರ್ ಎಂದರೆ ಹಬ್ಬದೂಟ ಸಿಕ್ಕಿದಂತಾಯಿತು. ವಾರಕ್ಕೊಂದು ಸಲ, ಆಮೇಲೆ ದಿನಕ್ಕೊಂದು ಸಲ ಅವರನ್ನು ಕರೆಸಿದ. ಎಲ್ಲೋ ಒಂದು ಕಡೆ ನೆಲ ಅಲುಗಿದರೆ ಸಾಕು, ಪ್ರೊಫೆಸರ್ ಹಿಂದಿನ ವಾರದ ಗೆರೆಚಿತ್ರ ತೆಗೆದು, ಅದರಲ್ಲೊಂದು ಡೊಂಕು ಹುಡುಕಿ, "ನೋಡಿ, ಆಕಾಶ ಮೊದಲೇ ಹೇಳಿತ್ತು" ಎನ್ನುತ್ತಿದ್ದರು. ಬಣ್ಣದಕ್ಕ ಅವರ ಮಚ್ಚೆ ಮುಚ್ಚಿ, ಹಣೆಯ ಜಿಡ್ಡು ಒತ್ತಿ ತೆಗೆದು, ನಂಬಿಕೆ ಬರುವಂಥ ಒಂದು ಹಿರಿಯರ ಮುಖವನ್ನು ಮಾಡಿ ಕಳಿಸುತ್ತಿದ್ದಳು.

ಒಂದು ದಿನ ಚರ್ಚೆಗೆಂದು ಇನ್ನೊಬ್ಬಳನ್ನು ಕರೆಸಿದರು. ಅದೇ ಅಯಾನುಗೋಳದ ಮೇಲೆ ಕೆಲಸ ಮಾಡುವ ಸಂಶೋಧಕಿ. ದಪ್ಪ ಕನ್ನಡಕ, ಇಸ್ತ್ರಿ ಕಾಣದ ಕುರ್ತಾ, ಉಗುರು ಕಚ್ಚುವ ಚಾಳಿ. ಪೌಡರು ಹಚ್ಚಿಸಿಕೊಳ್ಳಲು ನಾಚುತ್ತಿದ್ದಳು.

"ಪ್ರೊಫೆಸರ್ ಹೇಳೋದು ನಿಜ ತಾನೇ?" ಬಣ್ಣದಕ್ಕ ಕೇಳಿದಳು.

"ಅರ್ಧ ಅಕ್ಕ. ಕೆಲವು ದೊಡ್ಡ ಭೂಕಂಪಕ್ಕೆ ಮುಂಚೆ ಆ ಪದರದಲ್ಲಿ ಏನೋ ಬದಲಾವಣೆ ಕಂಡ ಹಾಗಿದೆ. ಅದನ್ನೇ ನಾವು ಹುಡುಕ್ತಾ ಇರೋದು. ಆದ್ರೆ ಸೂರ್ಯ ಒಂದು ಸಲ ಸಿಟ್ಟಿಗೆದ್ರೂ ಆ ಪದರ ಕಲಕುತ್ತೆ. ಏನೂ ಕಾರಣ ಇಲ್ದೆನೂ ಕಲಕುತ್ತೆ. ಕಲಕಿದಾಗೆಲ್ಲ ಭೂಕಂಪ ಆಗಲ್ಲ. ಆದ್ಮೇಲೆ ಹಿಂದಕ್ಕೆ ತಿರುಗಿ ಹುಡುಕಿದ್ರೆ ಏನಾದ್ರೂ ಒಂದು ಸಿಕ್ಕೇ ಸಿಗುತ್ತೆ."

"ಹಾಗಾದ್ರೆ ಸುಳ್ಳು ಅನ್ನಿ."

"ಸುಳ್ಳಲ್ಲ ಅಕ್ಕ. ಗೊತ್ತಿಲ್ಲ. ಇನ್ನೂ ಗೊತ್ತಿಲ್ಲ."

ಒಳಗೆ ಕ್ಯಾಮೆರಾದ ಮುಂದೆ ಆಕೆ ಅದನ್ನೇ ಹೇಳಲು ಹೊರಟಳು. "ಇನ್ನೂ" ಎನ್ನುವಷ್ಟರಲ್ಲಿ ಗಂಟಲು ಅಡ್ಡ ಬಂದ: "ಮೇಡಂ, ಜನ ಸಾಯಬೇಕಾ? ಹೌದೋ ಅಲ್ವೋ ಒಂದೇ ಮಾತಲ್ಲಿ ಹೇಳಿ!" ಹುಡುಗಿ ಬೆಪ್ಪಾಗಿ ಕಣ್ಣು ಮಿಟುಕಿಸಿದಳು. ಪ್ರೊಫೆಸರ್ ಮಂದಹಾಸ ಬೀರಿದರು. ಅಷ್ಟಕ್ಕೇ ಜಾಹೀರಾತು. ಹೊರಗೆ ಬಂದವಳು ಮುಖ ತೊಳೆದುಕೊಂಡು, ತನ್ನ ಫೋನ್ ನಂಬರನ್ನು ಬಣ್ಣದಕ್ಕನಿಗೆ ಕೊಟ್ಟು, "ನೀವು ಒಬ್ಬರೇ ಪೂರ್ತಿ ಕೇಳಿಸ್ಕೊಂಡಿದ್ದು" ಎಂದು ಹೋದಳು. ಆಕೆಯನ್ನು ಮತ್ತೆ ಕರೆಸಲಿಲ್ಲ.

ಬಣ್ಣದಕ್ಕನ ಮನಸ್ಸಿನಲ್ಲಿ ಅಂದೇ ಒಂದು ಮುಳ್ಳು ನೆಟ್ಟಿತು. ಆದರೆ ಮನೆಗೆ ಹೋಗಿ ಅತ್ತೆಯ ಎದುರು "ಅದೆಲ್ಲ ಗೊತ್ತಿಲ್ಲವಂತೆ" ಎನ್ನಲು ಬಾಯಿ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮುದುಕಿಯ ಮುಖದಲ್ಲಿ ಒಂದು ನೆಮ್ಮದಿ ಕಂಡಿತ್ತು. ಮೇಲೊಬ್ಬ ಕಾವಲುಗಾರ ಕೂತಿದ್ದಾನೆ ಎಂಬ ನೆಮ್ಮದಿ.

ಆಮೇಲೆ ಒಂದು ಸೋಮವಾರ ಪ್ರೊಫೆಸರ್ ತಮ್ಮ ಗೆರೆಚಿತ್ರವನ್ನು ಎತ್ತಿ ಹಿಡಿದು, ಈ ವಾರದೊಳಗೆ ಇಲ್ಲೇ, ಇದೇ ಊರಿನ ಕಡೆ ದೊಡ್ಡದಾಗಿ ನಡುಗುತ್ತದೆ ಎಂದುಬಿಟ್ಟರು. ಗಂಟಲು ಕುರ್ಚಿಯಿಂದ ಎದ್ದೇ ನಿಂತ. ಪರದೆಯ ತುಂಬ ಕೆಂಪು ನಕ್ಷೆ, ಸೈರನ್ನು, ಉರುಳುವ ಕಟ್ಟಡಗಳ ಹಳೆಯ ಚಿತ್ರ. ಹೀಗೆ ದಿನ ಗೊತ್ತುಮಾಡಿ ಭೂಕಂಪ ಹೇಳಲು ಯಾರಿಂದಲೂ ಆಗದು, ನಂಬಬೇಡಿ ಎಂದು ಸರ್ಕಾರದ ಕಡೆಯವರು ಪ್ರಕಟಣೆ ಕೊಟ್ಟರು. "ಏನನ್ನು ಮುಚ್ಚಿಡುತ್ತಿದ್ದೀರಿ?" ಎಂದು ಗಂಟಲು ಅದನ್ನೂ ಒಂದು ಗಂಟೆ ಜಗಿದ.

ಊರು ಬೀದಿಗೆ ಬಿತ್ತು. ಚಾಪೆ, ದಿಂಬು, ಮಿಕ್ಸಿ, ಬೆಕ್ಕು ಎಲ್ಲವನ್ನೂ ಹೊತ್ತು ಜನ ಮೈದಾನ ಸೇರಿದರು. ಅತ್ತೆಯನ್ನು ಒಳಗೆ ಕೂರಿಸುವುದು ಯಾರಿಂದಲೂ ಆಗಲಿಲ್ಲ. ಮಗ ಗದರಿಸಿದ, ಸೊಸೆ ಕೈ ಮುಗಿದಳು.

"ಒಂದ್ಸಲ ಒಳಗಿದ್ದೋರನ್ನ ಕಳ್ಕೊಂಡಿದ್ದೀನಿ. ನೀವು ಬೇಕಾದ್ರೆ ಒಳಗಿರಿ. ನಾನು ಒಲ್ಲೆ" ಎಂದಳು.

ಕೊನೆಗೆ ಮಗನೇ ಪ್ಲಾಸ್ಟಿಕ್ ಕುರ್ಚಿ ಹೊತ್ತು ಮೈದಾನಕ್ಕೆ ಒಯ್ದ. ಎರಡನೆಯ ದಿನಕ್ಕೆ ಆ ಜಾಗ ನೋಡುವಂತಿರಲಿಲ್ಲ. ಗೋಡೆಯುದ್ದಕ್ಕೂ ಉಚ್ಚೆಯ ನಾತ. ತಿಂದು ಎಸೆದ ತಟ್ಟೆಗಳಿಗೆ ನಾಯಿಗಳ ಕಿತ್ತಾಟ, ಕೆಮ್ಮು, ವಾಂತಿ ಮಾಡಿಕೊಂಡ ಕೂಸುಗಳು, ಅವುಗಳ ಮೇಲೆ ಮುತ್ತುವ ನೊಣ. ಪಕ್ಕದಲ್ಲೇ ಚಾನೆಲ್ಲಿನ ವ್ಯಾನು. ಅದರ ಪಕ್ಕ ಮೈಕು ಹಿಡಿದ ಹುಡುಗಿಯೊಬ್ಬಳು ನೊಣ ಓಡಿಸುತ್ತ "ಜನರ ಆತಂಕ ಮುಗಿಲು ಮುಟ್ಟಿದೆ" ಎನ್ನುತ್ತಿದ್ದಳು. ಆ ಸಂಜೆ ರಸ್ತೆಯಲ್ಲಿ ಲಾರಿಯೊಂದರ ಟೈರು ಢಮ್ಮೆಂದು ಒಡೆಯಿತು. ಯಾರೋ "ಬಂತು!" ಎಂದು ಕೂಗಿದರು. ಅಷ್ಟು ಜನವೂ ಒಂದೇ ಸಲ ಎದ್ದು ದಿಕ್ಕೆಟ್ಟು ಓಡಿದರು. ಕುರ್ಚಿಯಿಂದ ಏಳಲು ಹೋದ ಅತ್ತೆಯನ್ನು ನುಗ್ಗಿಬಂದ ಜನ ಕೆಡವಿ, ದಾಟಿ ಹೋದರು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆದ ಮೇಲೆ ಡಾಕ್ಟರು, "ಇನ್ನು ಓಡಾಟ ಅಷ್ಟಕ್ಕಷ್ಟೇ" ಎಂದರು. ಗಂಡ ರಜೆ ಹಾಕಿ ತಾಯಿಯ ಬಳಿ ಕೂತ. ಬಣ್ಣದಕ್ಕ ಎರಡು ದಿನ ತಪ್ಪಿಸಿ ಕೆಲಸಕ್ಕೆ ಹೋದಳು. ಪ್ರೊಫೆಸರ್ ಕುರ್ಚಿಯಲ್ಲಿ ತಯಾರಾಗಿದ್ದರು.

"ನಿಮ್ಮತ್ತೆ ಬಿದ್ದರಂತೆ, ಪಾಪ. ಏನು ಮಾಡೋದು, ಮನೆ ಒಳಗಿದ್ದಾಗ ನಡುಗಿಬಿಟ್ಟಿದ್ರೆ ಇನ್ನೂ ಕಷ್ಟ ಆಗ್ತಿತ್ತು."

"ನಡುಗಲಿಲ್ವಲ್ಲ ಸರ್."

"ಇನ್ನೂ ಟೈಮಿದೆಯಮ್ಮ" ಎಂದು ಅವರು ಕೈಗಡಿಯಾರ ನೋಡಿಕೊಂಡರು. "ಬರಬೇಕು. ಯಾಕೋ ತಡ ಮಾಡ್ತಿದೆ."

ಬಸ್ಸು ಕಾಯುವವರು ಹೇಳುವ ಹಾಗೆ ಹೇಳಿದರು. ಬಣ್ಣದಕ್ಕನ ಕೈ ಅವರ ಹಣೆಯ ಮೇಲೇ ನಿಂತಿತು. ಸ್ಪಂಜಿನ ಕೆಳಗೆ ಆ ಚರ್ಮ ಬೆಚ್ಚಗೆ, ಜಿಡ್ಡುಜಿಡ್ಡಾಗಿ ಇತ್ತು. ಈ ಮನುಷ್ಯ ದಿನಾ ಬೆಳಗ್ಗೆದ್ದು ಊರು ಬೀಳಲಿ ಎಂದು ಕಾಯುತ್ತಾನೆ ಎಂಬುದು ಆಕೆಗೆ ಆಗ ಹೊಳೆಯಿತು. ಹೇಗೋ ಕೆಲಸ ಮುಗಿಸಿದಳು. ಆಮೇಲೆ ಸೋಪಿನಲ್ಲಿ ಕೈ ತೊಳೆದಳು. ಮತ್ತೆ ತೊಳೆದಳು. ಈ ಕೈಗಳೇ ಆ ಮುಖವನ್ನು ನಂಬುವಂತೆ ಮಾಡಿ ಅತ್ತೆಯ ಕಣ್ಣ ಮುಂದೆ ಇಟ್ಟವಲ್ಲವೇ ಎಂದು ತನ್ನ ಮೇಲೂ ಅಸಹ್ಯವಾಯಿತು.

ವಾರ ಮುಗಿಯುತ್ತ ಬಂತು. ಊರಿನಲ್ಲಿ ಒಂದು ಲೋಟವೂ ಅಲುಗಲಿಲ್ಲ. ಜನ ತಲೆ ತಗ್ಗಿಸಿಕೊಂಡು ಚಾಪೆ ಸುತ್ತಿ ಮನೆಗೆ ಮರಳತೊಡಗಿದರು. ಚಾನೆಲ್ಲಿನ ಮೊಗಸಾಲೆಯಲ್ಲಿ ಗಂಟಲು ಯಾರ ಮೇಲೋ ರೇಗುತ್ತ ಓಡಾಡುತ್ತಿದ್ದ. ಪ್ರೊಫೆಸರ್ ಒಂದಾದ ಮೇಲೊಂದು ಟೀ ಕುಡಿಯುತ್ತಿದ್ದರು.

ಶನಿವಾರ ಮಧ್ಯಾಹ್ನ ಭೂಕಂಪವಾಯಿತು. ಇಲ್ಲಿ ಅಲ್ಲ. ಸಮುದ್ರದಾಚೆ, ಇಲ್ಲಿಯವರು ಹೆಸರೂ ಕೇಳಿರದ ಒಂದು ಊರಿನಲ್ಲಿ. ಶಾಲೆಗಳಿದ್ದವು, ಸಂತೆಯಿತ್ತು, ಎಲ್ಲವೂ ನೆಲಕ್ಕೆ ಕೂತಿತ್ತು.

ಬಣ್ಣದಕ್ಕನಿಗೆ ಅದು ಗೊತ್ತಾದದ್ದು ಚಪ್ಪಾಳೆಯಿಂದ. ಸುದ್ದಿಮನೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಗಂಟಲು "ಬಂತೂ!" ಎಂದು ಅರಚಿದ. ಬಾಗಿಲಿಗೆ ಬಂದು ನೋಡಿದರೆ ಅವನು ಪ್ರೊಫೆಸರರನ್ನು ತಬ್ಬಿಕೊಂಡು ಬೆನ್ನು ತಟ್ಟುತ್ತಿದ್ದ. "ಜಾಗ ಸ್ವಲ್ಪ ಆಚೀಚೆ ಆಗಿದೆ ಅಷ್ಟೇ" ಎಂದು ಪ್ರೊಫೆಸರ್ ನಗುತ್ತಿದ್ದರು. ಕಣ್ಣಲ್ಲಿ ನೀರೇ ಬಂದಿತ್ತು, ಪರೀಕ್ಷೆ ಪಾಸಾದ ಮಕ್ಕಳಿಗೆ ಬರುವಂಥದು.

ಐದು ನಿಮಿಷದಲ್ಲಿ ಅವರು ಕುರ್ಚಿಗೆ ಬಂದು ಕೂತರು. ಕೈಯಲ್ಲಿ ಬಿಸ್ಕತ್ತು, ತುಟಿಯ ಮೇಲೆ ಅದರ ಪುಡಿ. ಗೋಡೆಯ ಟಿವಿಯಲ್ಲಿ ದನಿಯಿಲ್ಲದೆ ಚಿತ್ರಗಳು ಓಡುತ್ತಿದ್ದವು. ಒಬ್ಬ ಗಂಡಸು ಅಡುಗೆಯ ಬಾಣಲೆಯಿಂದ ಕಲ್ಲುಮಣ್ಣು ಬಗೆಯುತ್ತಿದ್ದ, ಬಗೆದು ಬಗೆದು ಕಿವಿಗೊಟ್ಟು ಕೇಳುತ್ತಿದ್ದ, ಮತ್ತೆ ಬಗೆಯುತ್ತಿದ್ದ.

"ಇವತ್ತು ಹೊಳಪು ಬೇಡಮ್ಮ" ಎಂದರು ಪ್ರೊಫೆಸರ್, ಕಣ್ಣು ಮುಚ್ಚಿ ಮುಖ ಮೇಲೆತ್ತಿ. "ಕಣ್ಣ ಕೆಳಗೆ ಸ್ವಲ್ಪ ಕಪ್ಪು ಕೊಡು. ನಿದ್ದೆ ಇಲ್ದೆ ಸೊರಗಿರೋ ಹಾಗೆ ಕಾಣಬೇಕು. ಅಷ್ಟೊಂದು ಜನ ಸತ್ತಿದ್ದಾರೆ, ನೋಡು."

ಬಣ್ಣದಕ್ಕ ಬ್ರಷ್ಷನ್ನು ಕೆಳಗಿಟ್ಟಳು.

"ಆಗಲ್ಲ ಸರ್."

"ಯಾಕೆ, ಕಪ್ಪು ಮುಗಿದಿದೆಯಾ?"

"ಕಪ್ಪು ಇದೆ. ನಿಮ್ಮ ಮುಖ ಮುಟ್ಟಕ್ಕೆ ನನ್ನ ಕೈಲಿ ಆಗಲ್ಲ."

ಅವರು ಕಣ್ಣು ತೆರೆದರು. ನಿಜಕ್ಕೂ ಅರ್ಥವಾಗದೆ ಕನ್ನಡಿಯಲ್ಲಿ ತಮ್ಮ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು, ಏನಾದರೂ ಅಂಟಿದೆಯೇನೋ ಎಂಬಂತೆ. ಅಷ್ಟರಲ್ಲಿ ಗಂಟಲು ನುಗ್ಗಿದ.

"ಅಕ್ಕಾ, ಏನು ನಿಂತಿದ್ದೀರಾ? ಲೈವ್ ಇದೆ!"

"ನಂಗೆ ಹೇಸಿಗೆ ಆಗ್ತಿದೆ."

"ಹುಷಾರಿಲ್ವಾ? ಹೊಟ್ಟೆನಾ?"

"ನಾನು ಹುಷಾರಾಗೇ ಇದ್ದೀನಪ್ಪ. ಸತ್ತೋರ ಹೆಸರಲ್ಲಿ ಚಪ್ಪಾಳೆ ಹೊಡೆದ್ರಲ್ಲ, ನೀವು ನೋಡ್ಕೊಳ್ಳಿ ನಿಮ್ಮ ಹುಷಾರು. ಅಲ್ಲಿ ನೋಡಿ, ಆ ಮನುಷ್ಯ ಬಾಣಲೆಲಿ ಯಾರನ್ನ ಹುಡುಕ್ತಿದ್ದಾನೋ. ಇಲ್ಲಿ ಇವರಿಗೆ ದುಃಖ ಬಳೀಬೇಕಂತೆ, ಬ್ರಷ್ಷಲ್ಲಿ."

ಗಂಟಲು "ತಲೆ ಕೆಟ್ಟಿದೆ ಇವರಿಗೆ" ಎಂದು ತಾನೇ ಹುಬ್ಬಿನ ಪೆನ್ಸಿಲ್ಲು ಎತ್ತಿಕೊಂಡು ಪ್ರೊಫೆಸರರ ಕಣ್ಣ ಕೆಳಗೆ ಗೀಚಿ ಹೆಬ್ಬೆರಳಿನಿಂದ ತಿಕ್ಕಿದ. ಯಾರೋ ಗುದ್ದಿ ಕಳಿಸಿದ ಹಾಗೆ ಕಾಣುತ್ತಿದ್ದರು. ಅದೇ ಅವತಾರದಲ್ಲಿ ಪರದೆಯ ಮೇಲೆ ಬಂದು ಗದ್ಗದಿಸಿದರು. ನೋಡುಗರು ನೂರಾರು ಸಂದೇಶ ಕಳಿಸಿದರು: ಸರ್, ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ, ನೀವು ನಮಗೆ ಬೇಕು.

ಬಣ್ಣದಕ್ಕ ತನ್ನ ಸ್ಪಂಜು, ಬ್ರಷ್ಷುಗಳನ್ನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದಳು. ಸೋಮವಾರದಿಂದ ಬರುವುದು ಬೇಡ ಎಂದು ಆಫೀಸಿನಿಂದ ಫೋನು ಬಂದಾಗ ಆಕೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆಯ ಬೆಡ್‌ಪ್ಯಾನು ತೊಳೆದು ತರುತ್ತಿದ್ದಳು. "ಸರಿ" ಎಂದಷ್ಟೇ ಹೇಳಿದಳು. ಮಲ ತೊಳೆದ ಕೈ ಆಕೆಗೆ ಆ ಹೊತ್ತು ಹೇಸಿಗೆ ಅನ್ನಿಸಲಿಲ್ಲ.

ಹಳೆಯ ಪಾರ್ಲರಿನ ಗೆಳತಿ ಮತ್ತೆ ಕೆಲಸ ಕೊಟ್ಟಳು. ಕಾಲಿನ ಸತ್ತ ಚರ್ಮ, ಉಗುರು, ಹಿಮ್ಮಡಿಯ ಬಿರುಕು. ಅತ್ತೆಯನ್ನು ಮನೆಗೆ ಕರೆತಂದರು. ಓಡಿಹೋಗಲಾಗದ ಮುದುಕಿಯನ್ನು ಎರಡನೆಯ ಮಹಡಿಯಲ್ಲಿ ಇಟ್ಟುಕೊಂಡು ಏನು ಮಾಡುವುದೆಂದು ತಿಳಿಯದೆ ಬಣ್ಣದಕ್ಕ ಒಂದು ದಿನ ಆ ಸಂಶೋಧಕಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

"ನೀವು ಆಕಾಶ ನೋಡೋರು. ಹೇಳಿ, ನಾನೇನು ಮಾಡಲಿ?"

"ಯಾವಾಗ ಆಗುತ್ತೆ ಅಂತ ಆಕಾಶ ಇವತ್ತಿಗೂ ನನಗೆ ಹೇಳಿಲ್ಲ ಅಕ್ಕ. ನಾನು ಬದುಕಿರೋವರೆಗೂ ಹೇಳದೆ ಇರಬಹುದು. ಆದ್ರೆ ಆದಾಗ ಮೈಮೇಲೆ ಬೀಳೋದು ಏನು ಅಂತ ನಿಮ್ಮ ಮನೇಲಿ ನಿಂತು ನೋಡಿದ್ರೆ ಗೊತ್ತಾಗುತ್ತೆ. ಅತ್ತೆ ಮಂಚದ ಪಕ್ಕ ಏನಿದೆ?"

"ಕಬ್ಬಿಣದ ಬೀರು."

"ಅದನ್ನ ಗೋಡೆಗೆ ಬಿಗಿಸಿ. ತಲೆ ಮೇಲಿನ ಅಟ್ಟದ ಸಾಮಾನೆಲ್ಲ ಕೆಳಗಿಳಿಸಿ. ಸದ್ಯಕ್ಕೆ ಇಷ್ಟೇ ನನ್ನ ವಿಜ್ಞಾನ."

ಭಾನುವಾರ ಗಂಡ ಡಿಪೋದ ಮೆಕ್ಯಾನಿಕ್ಕನ ಹತ್ತಿರ ಡ್ರಿಲ್ಲಿಂಗ್ ಮಷೀನು ಕೇಳಿ ತಂದ. ಬೀರುವಿನ ಬೆನ್ನಿಗೆ ಕಬ್ಬಿಣದ ಪಟ್ಟಿ ಹಿಡಿದು ಬಣ್ಣದಕ್ಕ ನಿಂತಳು, ಅವನು ಗೋಡೆ ಕೊರೆಯತೊಡಗಿದ. ಕೋಣೆಯೆಲ್ಲ ಧೂಳು, ಕಿವಿ ಹರಿಯುವ ಸದ್ದು. ಮಂಚದ ಮೇಲೆ ದಿಂಬಿಗೊರಗಿದ್ದ ಅತ್ತೆ ಕೈ ಬೀಸಿದಳು.

"ಆ ಗದ್ದಲ ಒಂಚೂರು ನಿಲ್ಸೋ! ಪ್ರೊಫೆಸರ್ ಏನೋ ಹೇಳ್ತಿದ್ದಾರೆ."

ಟಿವಿಯಲ್ಲಿ ಅವರೇ. ಹೊಸ ಮೇಕಪ್ಪಿನವಳು ಮಚ್ಚೆಯನ್ನು ಚೆನ್ನಾಗಿ ಮುಚ್ಚಿದ್ದಳು.

"ಅವರು ಹೇಳಿ ನಿಮ್ಮ ಸೊಂಟ ಮುರೀತು ಅತ್ತೆ" ಎಂದಳು ಬಣ್ಣದಕ್ಕ, ಹಲ್ಲು ಕಚ್ಚಿ.

"ಮುರಿದ್ರೆ ಮುರೀಲಿ ಬಿಡೇ. ಹೇಳಿದ್ದು ಬಂತಲ್ಲ, ಬೇರೆ ಊರಿಗಾದ್ರೂ? ಸರಿ, ಆ ಕಡೆ ಜರುಗು. ಕಾಣಲ್ಲ."

ಗಂಡ ಮಷೀನು ಹಿಡಿದುಕೊಂಡೇ ಹೆಂಡತಿಯ ಮುಖ ನೋಡಿದ. ಆಕೆ ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಗೋಡೆಗೆ ಒತ್ತಿ ಹಿಡಿದಳು.

"ನೀವು ಕೊರೀರಿ" ಎಂದಳು.